ಶಾಪವೂ ಒಂದು ಪ್ರಾರ್ಥನೆಯೇ?

ಇಂಗ್ಲಿಷ್ ಭಾಷೆಯಲ್ಲಿ ‘ಇಂಪ್ರಿಕೇಟ್’ ಎಂಬ ಒಂದು ಕ್ರಿಯಾಪದವಿದೆ. ದಿನಬಳಕೆಯ ಮಾತಿನಲ್ಲಿ ಅದು ಕೇಳಿಬರುವುದಿಲ್ಲ, ವೃತ್ತಪತ್ರಿಕೆಗಳಲ್ಲಿಯೂ ಅಪರೂಪ. ‘ಶಪಿಸು, ಮತ್ತೊಬ್ಬರ ಮೇಲೆ ಕೇಡು ಬರಲೆಂದು ದೈವವನ್ನು ಕರೆದು ಬೇಡು’ ಎಂಬುದು ಅದರ ಅರ್ಥ. ದೇವಿಯ ಸ್ತುತಿಗೆ ಮೀಸಲಾದ ದಸರಾ ಸಂಚಿಕೆಯ ಈ ಪುಟಗಳಲ್ಲಿ ಶಾಪವನ್ನು ಕುರಿತ ಪರಭಾಷೆಯ ಪದವೊಂದಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ನಾನು ಭಾಷಾಶಾಸ್ತ್ರಜ್ಞನಲ್ಲ, ಶಾಸ್ತ್ರಾಧ್ಯಯನ ಮಾಡಿದವನೂ ಅಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಈ ಮುಂಬಯಿ ಮಹಾನಗರದ ಬ್ಯಾಂಕೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಗುಮಾಸ್ತೆಯಾಗಿರುವ ಸಾಮಾನ್ಯ ಗೃಹಸ್ಥ. ಆದರೆ ಕಳೆದ ವರ್ಷ ಒಬ್ಬ ವೃದ್ಧೆಯ ಶಾಪ ನನ್ನ ಪಾಲಿಗೆ ಬಂದಿತು. ಅದೇ ವಾರದಲ್ಲಿ ಈ ಪದವೂ ನನ್ನ ಮನೆಯ ಬಾಗಿಲಿಗೆ ಬಂದಿತು. ಎರಡೂ ಕೂಡಿ ನನ್ನ ಮನಸ್ಸಿನಲ್ಲಿ ಎಬ್ಬಿಸಿದ ಪ್ರಶ್ನೆಯನ್ನು ಸಹೃದಯರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಶಾಪದ ಸಂಗತಿ. ನವೆಂಬರ್ ತಿಂಗಳು ಬಂದಿತೆಂದರೆ ಪಿಂಚಣಿದಾರರು ತಾವು ಇನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ಬಂದು ರುಜುವಾತುಪಡಿಸಬೇಕು. ಕೌಂಟರಿನಲ್ಲಿ ನಾವು ಅದನ್ನು ‘ಲೈಫ್ ಸರ್ಟಿಫಿಕೇಟ್’ ಎನ್ನುತ್ತೇವೆ. ೨೦೧೪ರಲ್ಲಿ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆ ಬಂದ ಮೇಲೆ ಬೆರಳಚ್ಚಿನ ಯಂತ್ರದಿಂದ ಈ ಕಾರ್ಯ ಬೇಗನೆ ಮುಗಿಯುತ್ತದೆ. ಆದರೆ ಜೀವಮಾನವಿಡೀ ಪಾತ್ರೆ ತಿಕ್ಕಿದ, ಬಟ್ಟೆ ಒಗೆದ ಕೈಗಳಲ್ಲಿ ರೇಖೆಗಳೇ ಸವೆದುಹೋಗಿರುತ್ತವೆ. ಅಂಥ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಹಾಗಾದಾಗ ಕಾಗದದ ನಮೂನೆಯನ್ನು ತುಂಬಿ, ಅಧಿಕಾರಿಯ ಸಹಿ ಹಾಕಿಸಿ ಕೆಲಸ ಪೂರೈಸಲು ಅವಕಾಶವಿದೆ. ಅದಕ್ಕೆ ಹತ್ತು ನಿಮಿಷ ಬೇಕು, ಕೌಂಟರಿನಿಂದ ಎದ್ದು ಹೋಗುವ ಮನಸ್ಸು ಬೇಕು.

ಎಪ್ಪತ್ತು ದಾಟಿದ ಆ ಮುದುಕಿ ಗಂಡನ ಕುಟುಂಬ ಪಿಂಚಣಿಯವಳು. ಆಕೆಯ ಬೆರಳು ಯಂತ್ರಕ್ಕೆ ಒಪ್ಪಿಗೆಯಾಗಲಿಲ್ಲ. ಮೊದಲ ದಿನ ‘ನಾಳೆ ಬನ್ನಿ’ ಎಂದೆ. ಮರುದಿನ ಯಂತ್ರವೇ ಕೆಟ್ಟಿತ್ತು. ‘ನಾಡಿದ್ದು ಬನ್ನಿ’ ಎಂದೆ. ಮೂರನೆಯ ಸಲ ಬಂದದ್ದು ಗುರುವಾರ ಮಧ್ಯಾಹ್ನ, ಸಾರ್ವಜನಿಕ ವ್ಯವಹಾರ ಮುಗಿಯಲು ಹತ್ತು ನಿಮಿಷವಿರುವಾಗ. ನನ್ನ ಹಿಂದೆ ದಿನದ ಲೆಕ್ಕ ಕಾದಿತ್ತು. ‘ಸೋಮವಾರ ಬನ್ನಿ’ ಎಂದು ಮರಾಠಿಯಲ್ಲಿ ಹೇಳಿ ಮುಖ ತಿರುಗಿಸಿದೆ. ಆಕೆ ಕಿಟಕಿಯ ಮುಂದೆ ಒಂದು ಕ್ಷಣ ನಿಂತಳು. ಸೆರಗಿನ ತುದಿಯಿಂದ ಬೆರಳಿಗೆ ಅಂಟಿದ್ದ ಶಾಯಿಯನ್ನು ಒರೆಸಿಕೊಂಡಳು. ಅನಂತರ, ಇಲ್ಲಿ ಯಾರಿಗೂ ತಿಳಿಯದೆಂಬ ಧೈರ್ಯದಿಂದ, ನಮ್ಮ ವಿಜಯಪುರದ ಕಡೆಯ ಕನ್ನಡದಲ್ಲಿ ಮೆಲ್ಲಗೆ ನುಡಿದಳು: “ನಿನ್ನ ಮನೀ ಹಾಳಾಗ್ಲಿ. ನಿನ್ನ ಹಡದಾಕೀನೂ ಹಿಂಗ ಕಟ್ಟೀ ಕಟ್ಟೀ ಅಲೀಲಿ. ದೇವ್ರು ನೋಡ್ಲಿ.”

ನನಗೆ ಪ್ರತಿಯೊಂದು ಅಕ್ಷರವೂ ತಿಳಿಯಿತು. ಮೂರು ದಿನಗಳಿಂದ ಆಕೆ ನನ್ನ ನುಡಿಯವಳೆಂಬುದೂ ಪಾಸ್‌ಬುಕ್ಕಿನ ಹೆಸರಿನಿಂದಲೇ ನನಗೆ ತಿಳಿದಿತ್ತು. ಆದರೂ ನಾನು ಕನ್ನಡದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಪರಊರಿನಲ್ಲಿ ಕಚೇರಿಗಳಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಈ ಸಂಕೋಚದ ಪರಿಚಯವಿದೆ. ನಮ್ಮವರೆಂದು ತಿಳಿದರೆ ಸಲಿಗೆ ಬೆಳೆದೀತು, ಉಪಕಾರ ಕೇಳಿಯಾರು ಎಂಬ ಭಯದಿಂದ ತಾಯ್ನುಡಿಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುತ್ತೇವೆ. ಸಂಜೆ ಸಂಘದ ಕಾರ್ಯಕ್ರಮದಲ್ಲಿ ಅದನ್ನೇ ಹೊರತೆಗೆದು ಕನ್ನಡದ ಅಭಿಮಾನವನ್ನು ಕುರಿತು ಭಾಷಣವನ್ನೂ ಮಾಡುತ್ತೇವೆ.

ಅಂದು ರಾತ್ರಿ ಊಟ ರುಚಿಸಲಿಲ್ಲ. ‘ನಿನ್ನ ಹಡದಾಕೀನೂ’ ಎಂಬ ಮಾತು ಗಂಟಲಲ್ಲಿ ನಿಂತಿತ್ತು. ಊರಿನಲ್ಲಿರುವ ತಾಯಿಗೆ ದೂರವಾಣಿ ಮಾಡಿದೆ. ನನ್ನ ತಂದೆ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಅವರ ಪಿಂಚಣಿ ಈಗ ತಾಯಿಗೆ ಬರುತ್ತದೆ. “ಅವ್ವಾ, ಈ ವರ್ಷದ ಬ್ಯಾಂಕಿನ ಕೆಲಸ ಆಯಿತೇನು?” ಎಂದು ಕೇಳಿದೆ. “ಆಗ್ತೈತಿ ಬಿಡೋ. ಎರಡು ಸಲ ಹೋಗಿ ಬಂದೆ. ನನ್ನ ಬಳ್ಳು ಬೀಳವಲ್ಲವಂತ. ಅವರಿಗೂ ಕೆಲಸ ಇರ್ತಾವಲ್ಲ” ಎಂದಳು. ನಾನು ಫೋನು ಕೆಳಗಿಟ್ಟು ಬಹಳ ಹೊತ್ತು ಕುಳಿತೆ. ಆ ವೃದ್ಧೆಯ ಶಾಪ ಫಲಿಸಿದ್ದಲ್ಲ. ಅದು ಉಚ್ಚರಿಸುವುದಕ್ಕೆ ಮೊದಲೇ ನಿಜವಾಗಿತ್ತು. ನಾನು ಮತ್ತೊಬ್ಬರ ತಾಯಿಗೆ ಮಾಡುತ್ತಿದ್ದುದನ್ನೇ ನನ್ನಂಥ ಮತ್ತೊಬ್ಬನು ನನ್ನ ತಾಯಿಗೆ ಮಾಡುತ್ತಿದ್ದನು. ಆಕೆ ಶಪಿಸಿದಳು, ಈಕೆ ಕ್ಷಮಿಸಿದಳು. ಅಲೆದಾಟ ಮಾತ್ರ ಇಬ್ಬರಿಗೂ ಒಂದೇ.

ಭಾನುವಾರ ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಸ್ಪರ್ಧಾತ್ಮಕ ಪರೀಕ್ಷೆಯ ಶಬ್ದಪಟ್ಟಿಯನ್ನು ಹಿಡಿದು ಬಂದು, “ಅಪ್ಪಾ, ಇಂಪ್ರಿಕೇಟ್ ಅಂದರೇನು?” ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಧಾರವಾಡದಲ್ಲಿ ಓದುವಾಗ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ದಪ್ಪ ನಿಘಂಟನ್ನು ಕಪಾಟಿನಿಂದ ಇಳಿಸಿದೆ. ‘ಶಪಿಸು’ ಎಂಬ ಅರ್ಥವನ್ನು ಮಗಳು ಬರೆದುಕೊಂಡು ಹೋದಳು. ನಾನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಪದದ ಹುಟ್ಟಿನ ವಿವರವನ್ನು ಓದುತ್ತ ಉಳಿದೆ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ಇಂಪ್ರಿಕಾರಿ’. ಅದರಲ್ಲಿ ಎರಡು ಭಾಗಗಳಿವೆ. ‘ಇನ್’ ಎಂದರೆ ಮೇಲೆ, ಕಡೆಗೆ. ‘ಪ್ರಿಕಾರಿ’ ಎಂದರೆ ಬೇಡು, ಪ್ರಾರ್ಥಿಸು. ಅಂದರೆ ಶಪಿಸುವುದೆಂಬ ಈ ಕ್ರಿಯೆಯ ಅಕ್ಷರಶಃ ಅರ್ಥ ‘ಒಬ್ಬರ ಮೇಲೆ ಪ್ರಾರ್ಥಿಸುವುದು’. ಆಂಗ್ಲರು ನಿತ್ಯವೂ ದೇವರ ಮುಂದೆ ಮೊಣಕಾಲೂರಿ ಮಾಡುವ ‘ಪ್ರೇಯರ್’ ಎಂಬ ಮಾತೂ ಇದೇ ಬೇರಿನಿಂದ ಫ್ರೆಂಚ್ ಭಾಷೆಯ ಮೂಲಕ ಬಂದುದು. ಇದೇ ಕುಟುಂಬದ ಇನ್ನೊಂದು ಮಾತು ‘ಪ್ರಿಕೇರಿಯಸ್’. ಇಂದು ಅದಕ್ಕೆ ಅನಿಶ್ಚಿತ, ಅಪಾಯದ ಅಂಚಿನಲ್ಲಿರುವ ಎಂಬ ಅರ್ಥ. ಮೊದಲು ಇದ್ದ ಅರ್ಥ ‘ಬೇಡಿ ಪಡೆದ, ಇನ್ನೊಬ್ಬರ ದಯೆಯಿಂದ ಉಳಿದಿರುವ’ ಎಂಬುದು. ಕೌಂಟರಿನ ಮುಂದೆ ನಿಂತಿದ್ದ ಆ ಮುದುಕಿಯ ಸ್ಥಿತಿಗೆ ಇದಕ್ಕಿಂತ ಒಪ್ಪುವ ಮಾತು ನನಗೆ ತೋರದು. ತನ್ನ ಹಕ್ಕಿನ ಹಣವನ್ನೇ ಆಕೆ ನನ್ನ ದಯೆಯೆಂಬಂತೆ ಬೇಡಬೇಕಾಗಿತ್ತು. ಬೇಡಿಕೆ ನನ್ನಲ್ಲಿ ವಿಫಲವಾದಾಗ ಅದನ್ನೇ ಮೇಲಿನವನ ಕಡೆಗೆ ತಿರುಗಿಸಿದಳು. ‘ಪ್ರಿಕೇರಿಯಸ್’ ಆಗಿದ್ದವಳು ‘ಇಂಪ್ರಿಕೇಟ್’ ಮಾಡಿದಳು.

ಸ್ವಾರಸ್ಯದ ಸಂಗತಿಯೆಂದರೆ, ಲ್ಯಾಟಿನ್ನಿನಲ್ಲಿ ಈ ಕ್ರಿಯಾಪದ ಕೇಡಿಗೆ ಮಾತ್ರವೇ ಮೀಸಲಾಗಿರಲಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ ಅಪುಲೇಯಸ್ ಎಂಬ ಲೇಖಕನ ಕಥೆಯೊಂದರಲ್ಲಿ ಬಟ್ಟೆ ಮಡಿ ಮಾಡುವ ಒಬ್ಬ ಗೃಹಸ್ಥ, ಸೀನಿನ ಸದ್ದನ್ನು ಕೇಳಿ, ತನ್ನ ಹೆಂಡತಿಯೇ ಸೀನಿದಳೆಂದು ಭ್ರಮಿಸಿ, ವಾಡಿಕೆಯಂತೆ ಆಕೆಗೆ ಆರೋಗ್ಯವನ್ನು ಹಾರೈಸುತ್ತಾನೆ. ಅಲ್ಲಿ ಬಳಕೆಯಾದ ಕ್ರಿಯಾಪದ ಇದೇ. ಮಕ್ಕಳು ಸೀನಿದಾಗ ‘ನೂರು ವರ್ಷ ಆಯುಷ್ಯವಾಗಲಿ’ ಎನ್ನುವ ನಮ್ಮ ಅಜ್ಜಿಯರ ಹಾರೈಕೆಗೂ ಶತ್ರುವಿನ ಮೇಲಿನ ಶಾಪಕ್ಕೂ ರೋಮನರಿಗೆ ಒಂದೇ ಮಾತು ಸಾಕಾಗಿತ್ತು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲಿಷಿಗೆ ಇಳಿದು ಬಂದ ಈ ಪದದಲ್ಲಿ ಕ್ರಮೇಣ ಕೇಡಿನ ಅರ್ಥವೊಂದೇ ನಿಂತಿತು.

ಇದು ಪರಭಾಷೆಯ ವೈಚಿತ್ರ್ಯವೆಂದು ನಾವು ನಗುವಂತಿಲ್ಲ. ನಮ್ಮ ಕನ್ನಡದ ವ್ಯಾಕರಣವನ್ನೇ ನೋಡಿ. ಶಾಲೆಯಲ್ಲಿ ನಾವು ಕಲಿತ ವಿಧ್ಯರ್ಥಕ ರೂಪಕ್ಕೆ ‘ಅಲಿ’ ಎಂಬ ಪ್ರತ್ಯಯ. ‘ಒಳ್ಳೆಯದಾಗಲಿ’ ಎಂಬುದೂ ಅದೇ, ‘ಹಾಳಾಗಲಿ’ ಎಂಬುದೂ ಅದೇ. ಆಶೀರ್ವಾದಕ್ಕೂ ಶಾಪಕ್ಕೂ ವ್ಯಾಕರಣ ಭೇದ ಮಾಡುವುದಿಲ್ಲ. ಎರಡರಲ್ಲಿಯೂ ಮಾತನಾಡುವವನು ತಾನು ಮಾಡಲಾರದ ಕಾರ್ಯವನ್ನು ತನಗಿಂತ ಹಿರಿದಾದ ಶಕ್ತಿಯೊಂದರ ಕೈಗೆ ಒಪ್ಪಿಸುತ್ತಾನೆ. ಸಂಸ್ಕೃತದಲ್ಲಿ ‘ಶಪ್’ ಎಂಬ ಧಾತುವಿನಿಂದ ‘ಶಾಪ’ವೂ ಹುಟ್ಟಿದೆ, ‘ಶಪಥ’ವೂ ಹುಟ್ಟಿದೆ. ನ್ಯಾಯಾಲಯದಲ್ಲಿ ಸತ್ಯವನ್ನೇ ನುಡಿಯುತ್ತೇನೆಂದು ಮಾಡುವ ಪ್ರತಿಜ್ಞೆಯೂ ಬೀದಿಯ ಜಗಳದ ಶಾಪವೂ ಒಡಹುಟ್ಟುಗಳು. ಯೋಚಿಸಿದರೆ ಕಾರಣ ಸ್ಪಷ್ಟವಾಗುತ್ತದೆ: ‘ನಾನು ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ’ ಎಂಬ ಆಣೆ ತನ್ನ ಮೇಲೆ ತಾನೇ ಹಾಕಿಕೊಂಡ ಶಾಪವಲ್ಲದೆ ಬೇರೇನು? ಇಂಗ್ಲಿಷಿನ ‘ಸ್ವೇರ್’ ಎಂಬ ಮಾತಿಗೂ ಪ್ರಮಾಣ ಮಾಡು, ಬಯ್ಯು ಎಂಬ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು.

ಇಲ್ಲಿ ಬೈಗುಳಕ್ಕೂ ಶಾಪಕ್ಕೂ ಇರುವ ಅಂತರವನ್ನು ಗಮನಿಸಬೇಕು. ಬೈಗುಳದಲ್ಲಿ ಇಬ್ಬರೇ ಇರುತ್ತಾರೆ: ಬಯ್ಯುವವನು ಮತ್ತು ಬೈಸಿಕೊಳ್ಳುವವನು. ಶಾಪದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನ ಹೆಸರು ಬಾಯಿಗೆ ಬಾರದಿದ್ದರೂ ಅವನನ್ನು ನೆನೆದೇ ಶಾಪ ಹೊರಡುತ್ತದೆ. ಬಲವುಳ್ಳವನು ಬಯ್ಯುತ್ತಾನೆ, ಹೊಡೆಯುತ್ತಾನೆ, ದಾವೆ ಹೂಡುತ್ತಾನೆ. ಇವಾವುದೂ ಸಾಧ್ಯವಿಲ್ಲದವನು ಶಪಿಸುತ್ತಾನೆ. ಹಳ್ಳಿಯಲ್ಲಿ ದಿಕ್ಕಿಲ್ಲದ ಹೆಣ್ಣುಮಗಳು ನೆಲದ ಮಣ್ಣನ್ನು ಹಿಡಿಯಲ್ಲಿ ತೆಗೆದು ತೂರಿ ಹಿಡಿಶಾಪ ಹಾಕುವಾಗ ಆಕೆಯ ಕೈಯಲ್ಲಿ ಆ ಮಣ್ಣಿನ ಹೊರತು ಬೇರೆ ಆಯುಧವಿರುವುದಿಲ್ಲ.

ಇದಕ್ಕೆ ಒಂದು ಅಪೂರ್ವವಾದ ಸಾಕ್ಷ್ಯ ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ದೊರಕಿದೆ. ರೋಮನರು ಬ್ರಿಟನ್ನನ್ನು ಆಳುತ್ತಿದ್ದಾಗ ಅಲ್ಲಿಯ ಬಿಸಿನೀರಿನ ಬುಗ್ಗೆಯ ಬಳಿ ಸೂಲಿಸ್ ಮಿನರ್ವಾ ಎಂಬ ದೇವಿಯ ಗುಡಿಯಿತ್ತು. ೧೯೭೯-೮೦ರಲ್ಲಿ ಆ ಬುಗ್ಗೆಯ ತಳದಲ್ಲಿ ಉತ್ಖನನ ನಡೆದಾಗ ತವರ ಮತ್ತು ಸೀಸದ ತೆಳ್ಳನೆಯ ತಗಡುಗಳು ಹೊರಬಂದವು. ಅಂಥ ಸುಮಾರು ೧೩೦ ತಗಡುಗಳು ಈಗ ತಿಳಿದಿವೆ. ಅವುಗಳ ಮೇಲೆ ಕೊರೆದಿರುವುದು ಶಾಪಗಳು. ಅವುಗಳಲ್ಲಿ ಬಹುಪಾಲು ಕಳ್ಳತನದ ದೂರುಗಳು. ಒಬ್ಬನ ಮೇಲಂಗಿ ಹೋಗಿದೆ. ಇನ್ನೊಬ್ಬನ ಬೆಳ್ಳಿಯ ನಾಣ್ಯಗಳು ಹೋಗಿವೆ. ದೋಸಿಮೆಡಿಸ್ ಎಂಬವನು ತನ್ನ ಎರಡು ಕೈಗವಸುಗಳನ್ನು ಕದ್ದವನು ಬುದ್ಧಿಯನ್ನೂ ಕಣ್ಣನ್ನೂ ಕಳೆದುಕೊಳ್ಳಲಿ ಎಂದು ದೇವಿಯನ್ನು ಬೇಡಿದ್ದಾನೆ. ಕೈಗವಸಿಗೆ ಕಣ್ಣು! ಶಿಕ್ಷೆ ಅತಿಯಾಯಿತೆಂದು ನಮಗೆ ತೋರಬಹುದು. ಆದರೆ ಪೊಲೀಸು ಠಾಣೆಯಿಲ್ಲದ ಕಾಲದಲ್ಲಿ ಬಡವನಿಗೆ ಅದೊಂದೇ ಠಾಣೆ. ಕಳ್ಳನು ಗಂಡಾಗಿರಲಿ ಹೆಣ್ಣಾಗಿರಲಿ, ದಾಸನಾಗಿರಲಿ ಸ್ವತಂತ್ರನಾಗಿರಲಿ ಎಂಬಂಥ, ಅರ್ಜಿಯ ನಮೂನೆಯನ್ನು ಹೋಲುವ ಒಕ್ಕಣೆ ಈ ತಗಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಡಚ್ ವಿದ್ವಾಂಸ ವೆರ್ಸ್ನೆಲ್ ಅವರು ಇಂಥ ಬರಹಗಳನ್ನು ಬರಿಯ ಶಾಪಗಳೆನ್ನದೆ ‘ನ್ಯಾಯಕ್ಕಾಗಿ ಪ್ರಾರ್ಥನೆಗಳು’ ಎಂದು ಬೇರೆಯಾಗಿಯೇ ವಿಂಗಡಿಸಿದರು. ನಿಘಂಟು ಹೇಳಿದುದನ್ನೇ ನೆಲವೂ ಹೇಳಿತು.

ಯೆಹೂದ್ಯರ ಹಾಗೂ ಕ್ರೈಸ್ತರ ಪವಿತ್ರ ಗ್ರಂಥದ ಕೀರ್ತನೆಗಳಲ್ಲಿಯೂ ಕೆಲವು ಶಾಪದ ಕೀರ್ತನೆಗಳಿವೆ. ಇಂಗ್ಲಿಷಿನಲ್ಲಿ ಅವುಗಳನ್ನು ಗುರುತಿಸುವುದು ನಮ್ಮ ಈ ಪದದಿಂದಲೇ: ‘ಇಂಪ್ರಿಕೇಟರಿ’ ಕೀರ್ತನೆಗಳು. ೧೦೯ನೆಯ ಕೀರ್ತನೆ ಅವುಗಳಲ್ಲಿ ಅತ್ಯಂತ ಕಠೋರವಾದುದು. ಶತ್ರುವಿನ ಹೆಂಡಿರು ಮಕ್ಕಳನ್ನೂ ಅದು ಬಿಡುವುದಿಲ್ಲ. ಭಕ್ತಿಯ ನಡುವೆ ಈ ದ್ವೇಷವೇಕೆಂದು ಭಕ್ತರಿಗೆ ಮುಜುಗರವಾಗಿದೆ. ಕಥೋಲಿಕ ಚರ್ಚು ೧೯೭೧ರಲ್ಲಿ ತನ್ನ ನಿತ್ಯ ಪ್ರಾರ್ಥನಾವಿಧಿಯನ್ನು ಪರಿಷ್ಕರಿಸಿದಾಗ ೫೮, ೮೩ ಮತ್ತು ೧೦೯ನೆಯ ಕೀರ್ತನೆಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ಆದರೆ ಆಂಗ್ಲ ಲೇಖಕ ಸಿ. ಎಸ್. ಲೂಯಿಸ್, ೧೯೫೮ರಲ್ಲಿ ಈ ಕೀರ್ತನೆಗಳನ್ನು ಕುರಿತು ಬರೆದ ಪುಸ್ತಕದಲ್ಲಿ, ಅವುಗಳಿಂದ ಕಲಿಯಬೇಕಾದ ಒಂದು ಪಾಠವನ್ನು ತೋರಿಸಿದರು. ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದವನು ಅವನ ಸೊತ್ತನ್ನಷ್ಟೇ ಅಪಹರಿಸುವುದಿಲ್ಲ. ಅವನ ಎದೆಯಲ್ಲಿ ದ್ವೇಷವೆಂಬ ಕೇಡನ್ನೂ ಬಿತ್ತುತ್ತಾನೆ. ನೊಂದವನು ದ್ವೇಷದಿಂದ ಪಾಪಕ್ಕೆ ಬಿದ್ದರೆ ಆ ಪಾಪಕ್ಕೆ ಅವನನ್ನು ನೂಕಿದವನೂ ಹೊಣೆಗಾರ. ಈ ವಿಚಾರ ನನ್ನನ್ನು ನೇರವಾಗಿ ತಟ್ಟಿತು. ಆ ವೃದ್ಧೆ ಬೆಳಗ್ಗೆ ಮನೆಯಲ್ಲಿ ದೀಪ ಹಚ್ಚಿ, ದೇವರಿಗೆ ಕೈಮುಗಿದು ಬಂದಿರಬಹುದು. ಅದೇ ಬಾಯಿಂದ ಮಧ್ಯಾಹ್ನ ಒಂದು ಮನೆ ಹಾಳಾಗಲೆಂದು ಬೇಡುವಂತೆ ಮಾಡಿದವನು ನಾನು.

ನಮ್ಮ ನಾಡಿನ ಶಾಸನಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದ ವಿದ್ವಾಂಸರೂ ಈ ಪದವನ್ನು ಬಳಸಿದ್ದಾರೆ. ದಾನಶಾಸನಗಳ ಕೊನೆಯಲ್ಲಿ ಬರುವ, ಕನ್ನಡದಲ್ಲಿ ‘ಶಾಪಾಶಯ’ವೆಂದು ಕರೆಯುವ ಭಾಗಕ್ಕೆ ಅವರು ಕೊಟ್ಟ ಹೆಸರು ‘ಇಂಪ್ರಿಕೇಶನ್’. ಕ್ರಿಸ್ತಶಕ ೪೫೦ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿಯೇ ದಾನವನ್ನು ಅಳಿದವನಿಗೆ ಮಹಾಪಾತಕ ತಟ್ಟುವುದೆಂಬ ಮಾತಿದೆ. ನಮ್ಮ ನುಡಿ ಕಲ್ಲಿನ ಮೇಲೆ ಕಣ್ದೆರೆದಾಗಲೇ ಅದರ ಬಾಯಲ್ಲಿ ಒಂದು ಶಾಪವಿತ್ತು! ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವುಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪಕ್ಕೆ ಹೋಗುವನು, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನು ಎಂದು ಮುಂದಿನ ಶಾಸನಗಳು ವಿಸ್ತರಿಸಿ ಹೇಳುತ್ತವೆ. ದಾನ ಕೊಟ್ಟ ಅರಸನಿಗೆ ಬದುಕಿರುವವರೆಗೆ ಸೈನ್ಯವಿತ್ತು, ಅಧಿಕಾರಿಗಳಿದ್ದರು. ತಾನು ಸತ್ತ ಮೇಲೆ ಕೆರೆಗೆ ಬಿಟ್ಟ ಗದ್ದೆಯನ್ನು, ಗುಡಿಗೆ ಬಿಟ್ಟ ತೋಟವನ್ನು ಕಾಯುವವರು ಯಾರು? ಆಗ ಅರಸನೂ ಆ ಮುದುಕಿಯಷ್ಟೇ ಅಸಹಾಯಕ. ಆದಕಾರಣ ಅವನೂ ಮೇಲಿನವನಿಗೆ ಅರ್ಜಿಯನ್ನು ಬರೆದಿಟ್ಟು ಹೋದ. ದತ್ತಿಯನ್ನು ಕಾಪಾಡಿದವನಿಗೆ ಮಹಾಪುಣ್ಯವೆಂಬ ಹಾರೈಕೆಯೂ ಅನೇಕ ಶಾಸನಗಳಲ್ಲಿ ಶಾಪದ ಪಕ್ಕದಲ್ಲಿಯೇ ಇರುವುದನ್ನು ಮರೆಯಬಾರದು.

ದಸರೆಯನ್ನು ನೆನೆದಾಗ ಇನ್ನೊಂದು ಶಾಪ ನೆನಪಾಗದೆ ಇರದು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಅದೇ ಸಂದರ್ಭಕ್ಕೆ ಹೆಣೆದುಕೊಂಡ ಐತಿಹ್ಯ ಅಲಮೇಲಮ್ಮನದು. ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಆಕೆಯ ಒಡವೆಗಳಿಗಾಗಿ ಭಟರು ಬೆನ್ನಟ್ಟಿದಾಗ, ತಲಕಾಡು ಮರಳಲ್ಲಿ ಮುಳುಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ಅರಸರಿಗೆ ಸಂತಾನವಿಲ್ಲದಾಗಲೆಂದೂ ಶಪಿಸಿ ಆಕೆ ಕಾವೇರಿಗೆ ಹಾರಿದಳೆಂದು ಕಥೆ. ತಲಕಾಡಿನ ಮರಳಿಗೆ ನದಿಯ ತಿರುವು, ಗಾಳಿಗಳೇ ಕಾರಣವೆಂದು ಭೂಗೋಳವನ್ನು ಬಲ್ಲವರು ಹೇಳುತ್ತಾರೆ, ಅದು ಸರಿಯೇ. ನನಗೆ ಮುಖ್ಯವಾಗಿ ತೋರುವುದು ಕಥೆಯ ಉತ್ತರಾರ್ಧ. ಅರಸರು ಆ ಶಾಪವನ್ನು ಕೇಳಿ ಕೋಪಿಸಿಕೊಳ್ಳಲಿಲ್ಲ. ಪಶ್ಚಾತ್ತಾಪಪಟ್ಟು ಆಕೆಯ ಮೂರ್ತಿಯನ್ನು ಮಾಡಿಸಿ ಪೂಜಿಸಿದರೆಂಬುದು ಪ್ರತೀತಿ. ಶಾಪಕ್ಕೆ ಗುರಿಯಾದವನು ಮಾಡಬಹುದಾದ ಅತ್ಯುತ್ತಮ ಕಾರ್ಯ ಅದೇ ಅಲ್ಲವೇ? ಶಪಿಸಿದವಳ ನೋವಿನ ಮುಂದೆ ತಲೆಬಾಗುವುದು.

ಹಾಗಾದರೆ ಶಪಿಸುವುದು ಸರಿಯೇ? ಇಲ್ಲಿ ನಾನು ಎಚ್ಚರದಿಂದ ಬರೆಯಬೇಕಾಗಿದೆ. ನೊಂದವರ ಶಾಪವನ್ನು ಪ್ರಾರ್ಥನೆಯೆಂದು ಅರಿಯುವುದು ಬೇರೆ, ಶಾಪವನ್ನೇ ಧರ್ಮವೆಂದು ಸಾರುವುದು ಬೇರೆ. ಮಹಾಭಾರತದಲ್ಲಿ ಪರೀಕ್ಷಿತ ಮಹಾರಾಜ ಮೌನದಲ್ಲಿದ್ದ ಶಮೀಕ ಮುನಿಯ ಹೆಗಲ ಮೇಲೆ ಸತ್ತ ಹಾವನ್ನು ಎಸೆದು ಹೋದ. ಮುನಿಯ ಮಗ ಶೃಂಗಿ ಕ್ರೋಧದಿಂದ, ಏಳು ದಿನಗಳಲ್ಲಿ ತಕ್ಷಕನು ಅರಸನನ್ನು ಕಚ್ಚಲಿ ಎಂದು ಶಪಿಸಿದ. ಅವಮಾನವಾದದ್ದು ತಂದೆಗೆ, ಆದರೆ ತಂದೆ ಹಿಗ್ಗಲಿಲ್ಲ. ಕ್ರೋಧವು ತಪಸ್ವಿಗಳು ಕಷ್ಟದಿಂದ ಗಳಿಸಿದ ಧರ್ಮವನ್ನು ಅಪಹರಿಸುತ್ತದೆಂದು ಮಗನಿಗೆ ಬುದ್ಧಿ ಹೇಳಿದ. ಅಷ್ಟಕ್ಕೇ ನಿಲ್ಲದೆ ಗೌರಮುಖನೆಂಬ ಶಿಷ್ಯನನ್ನು ಅರಸನ ಬಳಿಗೆ ಕಳುಹಿಸಿ ಎಚ್ಚರಿಕೆಯಿಂದಿರಲು ತಿಳಿಸಿದ. ತನ್ನ ಪರವಾಗಿ ಹೊರಟ ಶಾಪದಿಂದ ತನ್ನನ್ನು ಅವಮಾನಿಸಿದವನನ್ನೇ ಕಾಪಾಡಲು ಯತ್ನಿಸಿದ ಈ ಮುನಿಯನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ನಮ್ಮ ಆದಿಕವಿಯೂ ಕ್ರೌಂಚಪಕ್ಷಿಯನ್ನು ಕೊಂದ ಬೇಡನನ್ನು ಶಪಿಸಿದೊಡನೆ, ತಾನು ಏನನ್ನು ನುಡಿದೆನೆಂದು ಚಿಂತೆಗೊಳಗಾದನೆಂದು ರಾಮಾಯಣವೇ ಹೇಳುತ್ತದೆ. ಶಾಪದ ಹಿಂದಿನ ಶೋಕ ಶುದ್ಧವಾಗಿರಬಹುದು; ಆದರೂ ಬಾಯಿಬಿಟ್ಟ ಮಾತು ಬಾಯಿಬಿಟ್ಟವನನ್ನೂ ಸುಡುತ್ತದೆ.

ಇಷ್ಟರಿಂದ ನನಗೆ ತೋಚುವ ನೀತಿಗೆ ಎರಡು ಮುಖಗಳಿವೆ. ಶಪಿಸಲು ಬಾಯಿ ತೆರೆದವನು ಶಮೀಕನನ್ನು ನೆನೆಯಬೇಕು. ಶಾಪ ಕೇಳಿಸಿಕೊಂಡವನಾದರೋ ಶಮೀಕನನ್ನು ನೆನೆಯುವ ಹಾಗಿಲ್ಲ. ‘ಶಪಿಸುವುದು ತಪ್ಪು, ಕ್ಷಮೆಯೇ ದೊಡ್ಡದು’ ಎಂದು ಕೌಂಟರಿನ ಒಳಗೆ ಕುಳಿತವನು ಹೊರಗೆ ನಿಂತವಳಿಗೆ ಬೋಧಿಸಿದರೆ ಅದು ಧರ್ಮವಲ್ಲ, ಜಾಣತನ. ಕ್ಷಮೆ ಕೊಡುವವರ ಸೊತ್ತು. ಕೇಳಿ ವಸೂಲು ಮಾಡುವ ಸಾಲವಲ್ಲ. ಅವನು ಮಾಡಬೇಕಾದುದು ಒಂದೇ: ಈ ಬಾಯಿಂದ ಈ ಮಾತು ಏಕೆ ಬಂದಿತೆಂದು ಕೇಳಿಕೊಳ್ಳುವುದು.

ಕೇಳಿಕೊಳ್ಳುವುದು ಎಂದಾಗ ನಿಘಂಟಿನ ಕೊನೆಯ ಸಂಗತಿಯೊಂದು ಉಳಿಯುತ್ತದೆ. ‘ಪ್ರೇಯರ್’ ಮತ್ತು ‘ಪ್ರಾರ್ಥನೆ’ ಧ್ವನಿಯಲ್ಲಿ ಹೋಲುವುದರಿಂದ ಅವೆರಡೂ ನೆಂಟರೆಂದು ನಾನು ಭಾವಿಸಿದ್ದೆ. ಹಾಗಲ್ಲ; ಆ ಹೋಲಿಕೆ ಆಕಸ್ಮಿಕ. ಲ್ಯಾಟಿನ್ನಿನ ‘ಪ್ರಿಕಾರಿ’ಗೆ ಸಂಸ್ಕೃತದಲ್ಲಿರುವ ನಿಜವಾದ ನೆಂಟ ‘ಪ್ರಚ್ಛ್’ ಎಂಬ ಧಾತು. ‘ಕೇಳು’ ಎಂದು ಅದರ ಅರ್ಥ. ‘ಪೃಚ್ಛೆ’ ಅಲ್ಲಿಂದ ಬಂದುದು. ನಾವು ನಿತ್ಯವೂ ಬಳಸುವ ‘ಪ್ರಶ್ನೆ’ ಎಂಬ ಮಾತೂ ಅಲ್ಲಿಂದಲೇ. ಹಾಗಿದ್ದರೆ ಪ್ರಾರ್ಥನೆ, ಶಾಪ, ಪ್ರಶ್ನೆ ಮೂರೂ ಬಹು ಹಿಂದಿನ ಯಾವುದೋ ಕಾಲದಲ್ಲಿ ಒಂದೇ ಬೇರಿಗೆ ಸೇರಿದ್ದವು. ನಮ್ಮ ಕನ್ನಡದ ‘ಕೇಳು’ ಎಂಬ ಮಾತೂ ಪ್ರಶ್ನಿಸುವುದಕ್ಕೆ, ಬೇಡುವುದಕ್ಕೆ, ಕಿವಿಗೊಡುವುದಕ್ಕೆ ಒಂದೇ ಆಗಿರುವುದನ್ನು ನೋಡಿ. ‘ದೇವ್ರು ನೋಡ್ಲಿ’ ಎಂದು ಆ ವೃದ್ಧೆ ಶಪಿಸಿದಾಗ, ‘ನಾನು ಮಾಡಿದ ತಪ್ಪಾದರೂ ಏನು?’ ಎಂಬ ಪ್ರಶ್ನೆ ಅದರಲ್ಲಿತ್ತು. ಅದಕ್ಕೆ ಉತ್ತರ ಕೊಡಬೇಕಾದವನು ದೇವರಲ್ಲ, ನಾನು.

ಸೋಮವಾರ ಆಕೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ನನಗೆ ಅಳುಕು ಹತ್ತಿತು. ಖಾತೆಯ ದಾಖಲೆಯಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ನೆರೆಮನೆಯವರ ಮೂಲಕ ಹೇಳಿಕಳುಹಿಸಿದೆ. ಬುಧವಾರ ಬಂದಳು. ನಾನು ಕೌಂಟರಿನಿಂದ ಹೊರಗೆ ಬಂದು, “ಬರ್ರಿ ಅವ್ವಾರ, ಇಲ್ಲಿ ಕುಂದರ್ರಿ” ಎಂದೆ. ಆಕೆ ಬೆಚ್ಚಿಬಿದ್ದಳು. ನಮೂನೆಯನ್ನು ನಾನೇ ತುಂಬಿ, ಅಧಿಕಾರಿಯ ಸಹಿ ಹಾಕಿಸಿ ತಂದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಎದ್ದು ನಿಂತು ಆಕೆ ಕೇಳಿದಳು: “ನಿನಗ ಕನ್ನಡ ಬರತೈತೇನೋ ತಮ್ಮಾ? ಹಂಗಾದ್ರ ಆವತ್ತ ನಾ ಅಂದದ್ದು...?”

“ಏನೂ ಕೇಳಿಸಲಿಲ್ಲರಿ” ಎಂದು ಸುಳ್ಳು ಹೇಳಿದೆ.

ಆಕೆ ನನ್ನ ಮುಖವನ್ನು ನೋಡಿದಳು. “ನಿನಗ ಕೇಳಸ್ಲಿ ಅಂತ ಅಂದಿದ್ದಿಲ್ಲೋ. ಮ್ಯಾಲಿನಾಂವಗ ಕೇಳಸ್ಲಿ ಅಂತ ಅಂದಿದ್ದೆ” ಎಂದಳು. ಸ್ವಲ್ಪ ತಡೆದು, “ನಿಮ್ಮವ್ವ ಅದಾಳೇನು?” ಎಂದು ಕೇಳಿದಳು. ಇದ್ದಾಳೆಂದೆ. “ಆಕೀಗೆ ಒಳ್ಳೇದಾಗ್ಲಿ” ಎಂದು ಹೇಳಿ, ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ನನ್ನ ವಿಷಯವಾಗಿ ಏನನ್ನೂ ಹೇಳಲಿಲ್ಲ. ನಾನು ಅದನ್ನು ಕೇಳುವ ಅಧಿಕಾರವುಳ್ಳವನೂ ಆಗಿರಲಿಲ್ಲ. ಮುಂದಿನ ವಾರ ರಜೆ ಹಾಕಿ ಊರಿಗೆ ಹೋಗಿ, ತಾಯಿಯನ್ನು ಕರೆದುಕೊಂಡು ಅಲ್ಲಿಯ ಬ್ಯಾಂಕಿಗೆ ಹೋದೆ. ಕೌಂಟರಿನ ಹೊರಗೆ ನಿಂತು ಕಾಯುವುದು ಹೇಗಿರುತ್ತದೆಂಬುದು ಇಪ್ಪತ್ತು ವರ್ಷಗಳ ಮೇಲೆ ಅಂದು ನನಗೆ ತಿಳಿಯಿತು.

ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿಯ ಎಲೆಗಳನ್ನು ಹಿರಿಯರ ಕೈಗಿತ್ತು, ಬಂಗಾರದ ಹಾಗೆ ಇರೋಣವೆಂದು ಹಾರೈಸುವ ಪದ್ಧತಿಯಿದೆ. ಈ ಮಹಾರಾಷ್ಟ್ರದಲ್ಲಿಯೂ ಆಪಟಾ ಎಲೆಗಳನ್ನು ಬಂಗಾರವೆಂದು ಹಂಚುತ್ತಾರೆ. ಆ ಹಾರೈಕೆಯೂ ಒಬ್ಬರ ಮೇಲೆ ಮಾಡುವ ಪ್ರಾರ್ಥನೆಯೇ. ಈ ಸಲ ಬನ್ನಿ ಕೊಡುವಾಗ ನಮ್ಮ ನೆಂಟರು ಇಷ್ಟರನ್ನಷ್ಟೇ ಅಲ್ಲದೆ, ನಮ್ಮ ನಮ್ಮ ಕಚೇರಿಗಳ ಕಿಟಕಿಗಳ ಮುಂದೆ ನಿಂತು ಹಿಂದಿರುಗಿದವರನ್ನೂ ಒಮ್ಮೆ ನೆನೆಯೋಣ. ಯಾರ ಬಾಯಿಂದಲೂ ‘ಹಾಳಾಗಲಿ’ ಎಂಬ ಮಾತು ನಮ್ಮ ಕಾರಣದಿಂದ ಹೊರಡದಂತೆ ನಡೆಯುವ ಬುದ್ಧಿಯನ್ನು ತಾಯಿ ಚಾಮುಂಡೇಶ್ವರಿ ನಮಗೆಲ್ಲರಿಗೂ ಕರುಣಿಸಲಿ. ಅಕಸ್ಮಾತ್ ಹೊರಟರೆ, ಅದನ್ನು ಕೇಳುವ ಕಿವಿಯನ್ನಾದರೂ ಕೊಡಲಿ.